ಹುಳದ ಮನೆಯಲ್ಲಿ ಎರಡು ಆಮೆ

ಆಗ ನನಗೆ ಎಪ್ಪತ್ತೊಂದು. ಈಗ್ಗೆ ನಾಲ್ಕು ವರ್ಷದ ಮಾತು. ನನ್ನ ತಂಗಿಗೆ ಅರವತ್ತಾರು. ಅವಳಿಗೆ ಅರವತ್ತೇಳು ತುಂಬಲಿಲ್ಲ.

ಅವಳನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದೆವು. ಗಂಡ ಮರದ ಗೊಂಬೆ ಮಾಡುವವನು. ಮನೆಯ ಹಿಂದೆಯೇ ಮರ ಕಡೆಯುವ ಲೇತು, ಆಲೆ ಮರದ ತುಂಡು, ಅರಗಿನ ಕಡ್ಡಿ, ನೆಲದ ತುಂಬಾ ಮರದ ಹೊಟ್ಟು. ಮಕ್ಕಳಾಗಲಿಲ್ಲ. ಅದಕ್ಕಾಗಿ ಇಬ್ಬರೂ ಅತ್ತದ್ದನ್ನು ನಾನು ನೋಡಿಲ್ಲ. ಉಯ್ಯಂಬಳ್ಳಿ ಕಡೆಯಿಂದ ಮರ ತಂದು ಹಾಕುತ್ತಿದ್ದವನೊಬ್ಬ ಒಂದು ಸಲ ದಿಮ್ಮಿಗಳ ಜೊತೆಗೆ ಎರಡು ಆಮೆ ಮರಿ ತಂದು ಬಿಟ್ಟು ಹೋದ. ಇಪ್ಪತ್ತು ವರ್ಷ ಅವು ಆ ಹೊಟ್ಟಿನಲ್ಲೇ ಬೆಳೆದವು. ನೆಲದ ಆಮೆ. ಕಪ್ಪು ಬೆನ್ನು, ಅದರ ಮೇಲೆ ಹಳದಿ ಗೆರೆಗಳು ನಕ್ಷತ್ರ ಬಿಡಿಸಿದ ಹಾಗೆ. ಯಾವುದು ಯಾವುದೆಂದು ಗುರುತು ಸಿಗಲಿ ಎಂದು ತಂಗಿಯ ಗಂಡ ಅರಗು ಕಾಯಿಸಿ ಒಂದರ ಬೆನ್ನಂಚಿಗೆ ಕೆಂಪು ಚುಕ್ಕಿ, ಇನ್ನೊಂದಕ್ಕೆ ಹಸಿರು ಚುಕ್ಕಿ ಇಟ್ಟಿದ್ದ. ಗೊಂಬೆಯ ಹಣೆಗೆ ಇಡುವ ಹಾಗೆ, ನೀಟಾಗಿ.

ಅವನು ಸತ್ತ. ಲೇತಿನ ಮುಂದೆ ಕೂತವನು ಹಾಗೇ ಮುಂದಕ್ಕೆ ಬಾಗಿದನಂತೆ. ಮನೆ ಅವನ ಅಣ್ಣನ ಹೆಸರಲ್ಲಿತ್ತು. ಕಾರ್ಯ ಮುಗಿದ ವಾರಕ್ಕೆ ಲೇತು ಕಿತ್ತರು. ತಂಗಿ ನಮ್ಮೂರಿಗೆ ಬಂದಳು. ನನ್ನ ಊರು ಮಾಗಡಿ ತಾಲ್ಲೂಕು, ಕಲ್ಯದ ಹತ್ತಿರ. ಆಟೋದಿಂದ ಬಟ್ಟೆಯ ಚೀಲಕ್ಕಿಂತ ಮುಂಚೆ ಒಂದು ಪ್ಲಾಸ್ಟಿಕ್ ಟಬ್ಬು ಇಳಿಸಿದಳು. ಮೇಲೆ ಜರಡಿ ಮುಚ್ಚಿತ್ತು.

"ಇವನ್ನ್ಯಾಕೆ ತಂದೆ?" ಅಂದೆ.

"ಇನ್ನೆಲ್ಲಿ ಬುಡ್ಲಿ?"

"ಕೆರೆಗೆ ಬುಡು."

"ಇವು ಕೆರೆ ಆಮೆ ಅಲ್ಲ ಕಣಕ್ಕ. ನೀರಿಗೆ ಬುಟ್ರೆ ಮುಳುಗಿ ಸಾಯ್ತವೆ. ನಿಂಗೆ ಬ್ಯಾಡ್ದಿದ್ರೆ ಹೇಳ್ಬುಡು, ನಾವು ಮೂರು ಜನವೂ ವಾಪಸ್ ಹೋಯ್ತೀವಿ."

ಮೂರು ಜನ ಅಂದಳು. ವಾಪಸ್ಸು ಹೋಗಲು ಜಾಗ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನಾನು ಟಬ್ಬಿನ ಒಂದು ಕಡೆ ಹಿಡಿದೆ.

ಮೊದಲ ಎರಡು ದಿನ ಅವಳು ಉಣ್ಣಲಿಲ್ಲ. ಮುದ್ದೆ ತಟ್ಟೆಯಲ್ಲಿ ಒಣಗಿತು. ಗದರಿದೆ, ಕೇಳಲಿಲ್ಲ. ಮೂರನೆಯ ದಿನ ನನ್ನ ತೋಟದಿಂದ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಕಿತ್ತು ಟಬ್ಬಿಗೆ ಹಾಕಿದೆ. ಎರಡೂ ಕತ್ತು ಚಾಚಿ ತಿಂದವು. ತಂಗಿ ಅವುಗಳ ಪಕ್ಕ ಕೂತು ನೋಡಿದಳು. ಆಮೇಲೆ ತಾನೇ ಎದ್ದು ತಟ್ಟೆ ಇಟ್ಟುಕೊಂಡಳು.

"ಅವರು ಹಂಗೇ ಕಣಕ್ಕ," ಅಂದಳು. "ಲೇತು ನಿಲ್ಸಿ ಮೊದ್ಲು ಇವಕ್ಕೆ ಹಾಕೋರು. ಇವು ತಿಂದ್ಮೇಲೆ ನಾವು ಉಣ್ಣೋದು."

ಅಲ್ಲಿಗೆ ನನಗೆ ತಿಳಿಯಿತು. ಆಮೆ ತಿಂದರೆ ಇವಳು ತಿನ್ನುತ್ತಾಳೆ. ಅವು ತಿನ್ನದಿದ್ದರೆ ಇವಳೂ ಇಲ್ಲ. ಹಾಗಾಗಿ ಆಮೆ ಸಾಕುವುದು ನನ್ನ ಕೆಲಸವಾಯಿತು. ಆಮೆ ಕಂಡು ನನಗೆ ಕರುಳು ಕರಗಿತು ಎಂದೇನೂ ಇಲ್ಲ. ತಂಗಿ ಉಣ್ಣಬೇಕಿತ್ತು, ಅಷ್ಟೆ.

ಹೊರಗೆ ಬಿಡುವ ಹಾಗಿರಲಿಲ್ಲ. ನಾಯಿ ಇವೆ, ಮುಂಗುಸಿ ಇದೆ, ಅದಕ್ಕಿಂತ ಹೆಚ್ಚಾಗಿ ಜನ ಇದ್ದಾರೆ. ನಕ್ಷತ್ರದ ಆಮೆ ಮನೆಯಲ್ಲಿದ್ದರೆ ಒಳ್ಳೆಯದಾಗುತ್ತದೆ ಎಂದು ಕದ್ದುಕೊಂಡು ಹೋಗುವವರಿದ್ದಾರೆ. ನನ್ನ ಮನೆಯ ಪಕ್ಕ ಹುಳದ ಮನೆ ಖಾಲಿ ಬಿದ್ದಿತ್ತು. ರೇಷ್ಮೆ ಹುಳ ಸಾಕುವ ಮನೆ. ಮದುವೆಯಾದಾಗಿನಿಂದ ಐವತ್ತು ವರ್ಷ ಹುಳ ಸಾಕಿದ್ದೇನೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನನ್ನ ಗೂಡು ಮುಟ್ಟಿ ನೋಡಿದವರು ಮುಖ ಕಿವುಚಿದ್ದಿಲ್ಲ. ಮಂಡಿ ಹಿಡಿದು ಕೂರಲು ಏಳಲು ಆಗದೆ ಹೋದ ಮೇಲೆ ನಿಲ್ಲಿಸಿದೆ. ತೋಟವನ್ನು ಪಕ್ಕದ ಮನೆಯವನಿಗೆ ಮಾಡಲು ಬಿಟ್ಟಿದ್ದೆ. ನಲವತ್ತು ದಾಟಿದ ಆಳು, ಬಾಯಿ ಜಾಸ್ತಿ, ಕೆಲಸವೂ ಜಾಸ್ತಿ.

ನನಗೆ ಬರುವುದು ಹುಳ ಸಾಕುವುದು. ಬೇರೆ ಬರುವುದಿಲ್ಲ. ಆಮೆಗೂ ಅದನ್ನೇ ಮಾಡಿದೆ.

ಮೊದಲು ಬ್ಲೀಚಿಂಗ್ ಪುಡಿ ಕದಡಿ ಗೋಡೆ, ನೆಲ, ಸ್ಟ್ಯಾಂಡು ಎಲ್ಲ ತೊಳೆದೆ. ಎರಡು ದಿನ ಬಾಗಿಲು ಹಾಕಿಟ್ಟೆ. ದೊಡ್ಡ ಬಿದಿರು ತಟ್ಟೆ ಎರಡನ್ನು ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಹಾಕಿ, ಕಾಗದ ಹಾಸಿ, ಸುತ್ತ ಹಲಗೆ ಕಟ್ಟಿದೆ. ಕಿಟಕಿಗಳಿಗೆ ನೆನೆಸಿದ ಗೋಣಿ ಇಳಿಬಿಟ್ಟೆ. ಹುಳ ಸಣ್ಣದಿದ್ದಾಗ ಬಿಸಿ ಬೇಕು, ದೊಡ್ಡದಾದಾಗ ತಂಪೂ ಗಾಳಿಯೂ ಬೇಕು. ಇವು ಇಪ್ಪತ್ತು ವರ್ಷದವು, ಬೋಸಿ ಬೋರಲು ಹಾಕಿದಷ್ಟು ದೊಡ್ಡವು. ದೊಡ್ಡ ಹುಳದ ಲೆಕ್ಕಕ್ಕೆ ತೆಗೆದುಕೊಂಡೆ. ಹೊಸಿಲಲ್ಲಿ ಸುಣ್ಣ ಚೆಲ್ಲಿದೆ, ಹೊರಗಿನ ರೋಗ ಬರದ ಹಾಗೆ ಅದರಲ್ಲಿ ಕಾಲಿಟ್ಟು ಒಳಗೆ ಬರಬೇಕು ಎಂದು.

ತಂಗಿ ತನ್ನ ಚೀಲದಿಂದ ಗಂಡನ ಹಳೇ ಟವೆಲ್ಲು ಬಿಚ್ಚಿದಳು. ಒಳಗೆ ಒಂದು ಬಲ್ಬು, ಹೋಲ್ಡರು, ಉದ್ದನೆಯ ವೈರು.

"ಚಳಿಗಾಲದಾಗೆ ಇದನ್ನ ಇವುಗಳ ಮೇಲ್ ಕಟ್ಟೋರು ಅಕ್ಕ. ಅದರ ಕೆಳಗೆ ಬಂದು ಮಲಿಕತಿದ್ವು."

"ಹುಳದ ಮನೇಲಿ ಅಷ್ಟು ಬೆಳಕು ಆಗಾಕಿಲ್ಲ," ಅಂದೆ.

"ಇವು ಹುಳ ಅಲ್ವಲ್ಲ."

"ನೀನು ಗೊಂಬೆ ಮನೇಲಿ ಬಾಳ್ದೋಳು. ನಂಗೆ ಬುಡು."

ಅವಳು ಬಲ್ಬನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಟ್ಟಳು. ನನ್ನ ಎದುರು ಅವಳು ಚಿಕ್ಕಂದಿನಿಂದಲೂ ವಾದ ಮಾಡಿದವಳಲ್ಲ.

ತೋಟ ಮಾಡುವವನು ಸೊಪ್ಪು ಹೊತ್ತು ತಂದಾಗ ಬಾಗಿಲಲ್ಲೇ ನಿಂತು ನಕ್ಕ.

"ಅಜ್ಜಿ, ಯಾವ ತಳಿ ಇವು? ಎಷ್ಟು ದಿನಕ್ಕೆ ಗೂಡು ಕಟ್ತವೆ?"

"ನಿನ್ನ ಮೂತಿಗೆ ಕಟ್ತವೆ. ಕಾಲಿಗೆ ಸುಣ್ಣ ಮಾಡ್ಕೊಂಡು ಬಾ."

"ಗೂಡು ಕಟ್ಕೊಂಡೇ ಬಂದವಲ್ಲ ಬೆನ್ ಮ್ಯಾಲೆ. ಮಾರುಕಟ್ಟೆಗೆ ಹಾಕುದ್ರೆ ಆಯ್ತು." ಆಮೇಲೆ ದನಿ ಇಳಿಸಿದ. "ಅಜ್ಜಿ, ಯಾರಿಗೂ ತೋರಿಸಬ್ಯಾಡಿ. ಇವನ್ನ ಮಡಿಕೊಂಡ್ರೆ ಕೇಸ್ ಆಯ್ತದಂತೆ. ದೊಡ್ಡಆಲಹಳ್ಳಿ ತಾವ ನಮ್ಮ ನೆಂಟರ ಊರಾಗೆ ಒಬ್ಬನ್ನ ಹಿಡ್ಕೊಂಡು ಹೋಗಿದ್ರು."

ತಂಗಿ ಆ ಮಾತು ಕೇಳಿಸಿಕೊಂಡಳು. ಅವತ್ತು ಸಂಜೆ, "ಅವರಿಗೆ ಗೊತ್ತಿರ್ಲಿಲ್ಲ ಅಕ್ಕ," ಅಂದಳು. "ಗೊತ್ತಿದ್ರೆ ಇಟ್ಕೋತಿರ್ಲಿಲ್ಲ." ಸತ್ತವನ ಪರ ಮಾತಾಡುತ್ತಿದ್ದಳು. ನಾನು ಏನೂ ಕೇಳಿರಲಿಲ್ಲ.

ಒಂದು ತಿಂಗಳು ಸರಿಯಾಗಿಯೇ ನಡೆಯಿತು. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ದಾಸವಾಳದ ಹೂವು, ಒಂದೊಂದು ದಿನ ಪಾಪಾಸುಕಳ್ಳಿಯ ಎಲೆ ಮುಳ್ಳು ಕೆರೆದು. ತಂಗಿ ತಟ್ಟೆಯ ಪಕ್ಕ ಕೂತು ತನ್ನ ಮುದ್ದೆ ಉಣ್ಣುತ್ತಿದ್ದಳು. ಕೆಂಪು ಚುಕ್ಕಿಯದು ಚುರುಕು, ಹಸಿರು ಚುಕ್ಕಿಯದರ ಸೊಪ್ಪಿಗೂ ಬಾಯಿ ಹಾಕುತ್ತಿತ್ತು. "ಥೂ ನಿನ್ನ, ಅವರ ಹಂಗೇ ಹೊಟ್ಟೆಬಾಕ," ಎಂದು ಬೈಯುತ್ತಿದ್ದಳು. ಅವಳ ಕೆನ್ನೆ ಒಸಿ ತುಂಬಿತು. ನಾನು ಮನಸ್ಸಿನಲ್ಲಿ ಬೀಗಿದೆ. ಹುಳ ಸಾಕಿದ ಕೈ ಏನು ಬೇಕಾದರೂ ಸಾಕುತ್ತದೆ ಅಂದುಕೊಂಡೆ.

ಚಳಿ ಬಿತ್ತು. ಮಾಗಡಿ ಕಡೆಯ ಚಳಿ ಬಂಡೆಯಿಂದ ಏಳುತ್ತದೆ. ಒಂದು ಬೆಳಿಗ್ಗೆ ಎರಡೂ ಸೊಪ್ಪು ಮುಟ್ಟಲಿಲ್ಲ. ತಲೆ ಅರ್ಧ ಒಳಗೆ ಎಳೆದುಕೊಂಡು ಕದಲದೆ ಕೂತವು. ಮರುದಿನವೂ ಹಾಗೇ. ತಂಗಿ ತನ್ನ ಮುದ್ದೆಯ ತಟ್ಟೆ ಬದಿಗೆ ಸರಿಸಿದಳು.

ರೇಷ್ಮೆ ಹುಳ ನಾಲ್ಕು ಸಲ ತೊಗಲು ಬಿಡುತ್ತದೆ. ಬಿಡುವ ಮುಂಚೆ ಸೊಪ್ಪು ಬಿಟ್ಟು, ಅಲುಗದೆ ಕೂತುಬಿಡುತ್ತದೆ. ಜ್ವರಕ್ಕೆ ಕೂತಿತು ಅಂತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಹಾಸು ಒಣಗಲಿ ಎಂದು ಮೇಲಿನಿಂದ ಸುಣ್ಣದ ಪುಡಿ ಉದುರಿಸಬೇಕು, ಕಿಟಕಿ ತೆಗೆದು ಗಾಳಿ ಬಿಡಬೇಕು. ಸುಣ್ಣ ಹಾಕದೆ ಎಷ್ಟೋ ಜನರ ಬೆಳೆ ಹೋದದ್ದನ್ನು ನೋಡಿದ್ದೇನೆ. ನನ್ನದು ಒಂದು ಸಲವೂ ಹೋಗಿಲ್ಲ.

"ಹೆದರ್ಕಬ್ಯಾಡ ಕಣಮ್ಮಿ," ಅಂದೆ ತಂಗಿಗೆ. "ಜ್ವರಕ್ಕೆ ಕೂತವೆ. ಮೂರು ದಿನ. ನಾಕನೇ ದಿನಕ್ಕೆ ಎದ್ದು ಕಿತ್ಕೊಂಡು ತಿನ್ತವೆ ನೋಡ್ತಿರು."

"ಆಮೆಯೂ ಕೂತ್ಕೋತವಾ?"

"ಉಸ್ರಿರೋದೆಲ್ಲ ಒಂದಲ್ಲ ಒಂದಿನ ಕೂತ್ಕೋತದೆ."

"ಹಿಂದೆ ಒಂದ್ ಚಳಿಗಾಲ ಹಿಂಗೇ ಆಗಿತ್ತು. ಅವರು ಬಲ್ಬು—"

"ಮೂರು ದಿನ ನೀನು ಒಳಕ್ಕೆ ಬರಬ್ಯಾಡ. ಜ್ವರದಾಗೆ ಬಾಗ್ಲು ತೆಗೀಬಾರ್ದು."

ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ, ಎರಡು ತಟ್ಟೆಗಳ ಮೇಲೂ ತಟ್ಟಿದೆ. ಬೆನ್ನು ಬೆಳ್ಳಗಾಯಿತು. ಚುಕ್ಕಿಗಳು ಮುಚ್ಚಿಹೋದವು. ಅವುಗಳಲ್ಲೊಂದು ಕಾಲು ಆಡಿಸಿತು, ಮುಖವನ್ನು ಮುಂಗಾಲಿಗೆ ಉಜ್ಜಿತು. ಸರಿಹೋಗುತ್ತಿದೆ ಅಂದುಕೊಂಡೆ. ಎದುರುಬದುರು ಕಿಟಕಿ ತೆಗೆದು, ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮೂರು ದಿನ ತಂಗಿ ಆ ಬಾಗಿಲ ಮುಂದೆ ಕೂತಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಕಂಬಳಿ ಹೊದ್ದು. ನಾನು ಕಾಫಿ ಕೊಟ್ಟರೆ ಕುಡಿಯುತ್ತಿದ್ದಳು, ಮುದ್ದೆ ಮುಟ್ಟುತ್ತಿರಲಿಲ್ಲ. "ಎದ್ಮೇಲೆ ಉಣ್ತೀನಿ," ಅನ್ನುತ್ತಿದ್ದಳು. ನನ್ನ ಮಾತನ್ನು ನಂಬಿದ್ದಳು. ನಾಲ್ಕನೇ ದಿನಕ್ಕೆಂದು ತಾನೇ ಹೋಗಿ ಎಳೆಯ ಸೊಪ್ಪು ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ನಾಲ್ಕನೇ ದಿನ ಬೀಗ ತೆಗೆದೆ. ಎರಡೂ ಹಾಕಿದಲ್ಲೇ ಇದ್ದವು. ಒಂದನ್ನು ಎತ್ತಿದೆ. ಕತ್ತು ಹೊರಗೆ ಜೋತುಬಿತ್ತು. ಸತ್ತದ್ದರ ತೂಕವೇ ಬೇರೆ, ಕೈಗೆ ತಿಳಿಯುತ್ತದೆ. ಇನ್ನೊಂದನ್ನು ಮುಟ್ಟಿದೆ, ಕಾಲು ಎಳೆದುಕೊಂಡಿತು. ಅದರ ಕಣ್ಣಿನ ಜಾಗದಲ್ಲಿ ಎರಡು ಗುಳ್ಳೆ. ಮೇಲೆ ಸುಣ್ಣ ಕಟ್ಟಿ, ಒಳಗಿನಿಂದ ಬಿಳಿ ಕೀವು.

ತಂಗಿ ನನ್ನ ಹಿಂದೆ ನಿಂತಿದ್ದಳು. ಸತ್ತದ್ದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು. ಹಸಿರು ಚುಕ್ಕಿ ಕಾಣುವವರೆಗೂ ಒರೆಸಿದಳು.

ನಾನು ಬದುಕಿದ್ದನ್ನು ಮಂಕರಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಮಾಗಡಿಗೆ ಹೋದೆ. ಅಲ್ಲಿ ದನ, ಕುರಿ, ನಾಯಿ ನೋಡುವ ಒಬ್ಬ ಡಾಕ್ಟರಮ್ಮ. ಚಿಕ್ಕ ವಯಸ್ಸು. ಆಮೆ ನೋಡಿದ ತಕ್ಷಣ ಎದ್ದು ಬಾಗಿಲು ಮುಂದೆ ಮಾಡಿದಳು. ಹತ್ತಿಯಲ್ಲಿ ಬಿಸಿನೀರು ಅದ್ದಿ ಕಣ್ಣು ಒರೆಸಿದಳು. ಹತ್ತಿಯನ್ನು ಮೂಸಿದಳು.

"ಇದೇನಜ್ಜಿ, ಸುಣ್ಣನಾ?"

"ಹೂಂ."

"ಯಾರು ಹಾಕಿದ್ದು?"

"ನಾನು."

"ಯಾಕೆ?"

ಹುಳದ ಜ್ವರದ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು. ನಿಧಾನವಾಗಿ ಹೇಳಿದಳು. ಇವು ತಮ್ಮ ಮೈ ತಾವೇ ಬಿಸಿ ಮಾಡಿಕೊಳ್ಳಲಾರವು, ಬಿಸಿಲು ಬೇಕು, ಇಲ್ಲವೇ ಮೇಲೆ ದೀಪ ಬೇಕು. ಚಳಿಯಾದರೆ ತಿನ್ನುವುದು ಬಿಡುತ್ತವೆ. ಬೆಚ್ಚಗೆ ಮಾಡಿ, ಉಗುರು ಬೆಚ್ಚಗಿನ ನೀರು ತಟ್ಟೆಯಲ್ಲಿ ಇಟ್ಟು ಕೂರಿಸಿದ್ದರೆ ಎರಡು ದಿನದಲ್ಲಿ ತಿನ್ನುತ್ತಿದ್ದವು. ಗೋಣಿ, ಗಾಳಿ, ಬ್ಲೀಚಿಂಗು, ಸುಣ್ಣ ಎಲ್ಲವೂ ತಪ್ಪು.

"ಬದುಕ್ತದಾ?"

"ಒಂದು ಕಣ್ಣು ಹೋಗಿದೆ. ಇನ್ನೊಂದು ಉಳಿಯಬಹುದು. ಎದೇಲೂ ಶೀತ ಕಟ್ಟಿದೆ. ಇದಕ್ಕೆ ಬೇಕಾದ್ದು ನನ್ನ ಹತ್ರ ಇಲ್ಲ. ಇದನ್ನ ಮನೇಲಿ ಇಟ್ಕೊಳ್ಳೋ ಹಾಗೂ ಇಲ್ಲ ಅಜ್ಜಿ, ಕಾನೂನು. ಅರಣ್ಯದವರಿಗೆ ಒಪ್ಪಿಸಿ. ಅವರು ವಾಸಿ ಮಾಡೋ ಕಡೆಗೆ ಕಳಿಸ್ತಾರೆ."

"ಮನೇಲೇ ಇದ್ರೆ?"

"ಹತ್ತು ದಿನ ಬದುಕಿದ್ರೆ ಹೆಚ್ಚು."

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ತೋಟ ಮಾಡುವವನು ಬದುವಿನ ಪಕ್ಕ ಗುಂಡಿ ತೋಡಿದ್ದ. ತಂಗಿ ಸತ್ತದ್ದರ ಬೆನ್ನಿಗೆ ವಿಭೂತಿ ಹಚ್ಚಿ ಇಳಿಸಿದಳು. ಅವನು ಅವತ್ತು ತಮಾಷೆ ಮಾಡಲಿಲ್ಲ. ಮಣ್ಣು ಎಳೆದ ಮೇಲೆ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಸುಣ್ಣದ ಮಾತು ಬಿಟ್ಟು ಉಳಿದದ್ದು.

"ಒಪ್ಪಿಸೋದಾದ್ರೆ ಆ ಚುಕ್ಕಿ ಕೆರ್ದುಬುಡಿ ಅಜ್ಜಿ," ಅಂದ. "ಬದಿನ್ ಮ್ಯಾಲೆ ಸಿಕ್ತು ಅನ್ನಿ. ಚುಕ್ಕಿ ಇದ್ರೆ ಸಾಕಿದ್ದು ಅಂತ ಗೊತ್ತಾಯ್ತದೆ." ಸೊಪ್ಪು ಕೊಯ್ಯುವ ಚಾಕುವನ್ನು ಮುಂದೆ ಚಾಚಿದ.

"ಚುಕ್ಕಿ ಮುಟ್ಟಬ್ಯಾಡಿ," ಅಂದಳು ತಂಗಿ. ಅಷ್ಟೇ ಅಂದಳು. ಅವನು ಚಾಕು ಮಡಿಸಿಕೊಂಡು ಹೋದ.

ಸಂಜೆ ಆ ಬಲ್ಬನ್ನು ಟವೆಲ್ಲಿನಿಂದ ತೆಗೆದು ಅಡಿಗೆಮನೆಯ ಮೂಲೆಯಲ್ಲಿ ಕಟ್ಟಿದೆ. ಕೆಳಗೆ ಟಬ್ಬು ಇಟ್ಟೆ. ಆಮೆ ಕಣ್ಣು ಕಾಣದಿದ್ದರೂ ಮೆಲ್ಲಗೆ ತೆವಳಿ ಬೆಳಕಿನ ಕೆಳಕ್ಕೆ ಬಂದು ಕತ್ತು ಹೊರಗೆ ಹಾಕಿತು. ನಾವಿಬ್ಬರೂ ನೋಡಿದೆವು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

"ಸುಣ್ಣ ಹಾಕಿದ್ದೆ ಕಣಮ್ಮಿ," ಅಂದೆ. "ಎರಡರ ಮ್ಯಾಲೂ. ಅದು ಕಣ್ಣಿಗೆ ಇಳೀತು. ಸತ್ತದ್ದು ನನ್ನಿಂದ."

ಅವಳು ಒಲೆಯ ಕಡೆ ನೋಡುತ್ತಿದ್ದಳು.

"ಬಲ್ಬು ಕಟ್ಟು ಅಂದೆ," ಅಂದಳು.

"ಹೂಂ, ನೀನು ಅಂದೆ. ನಾನು ಕೇಳ್ಲಿಲ್ಲ."

"ಇಲ್ಲೇ ಇದ್ರೆ ಎಷ್ಟು ದಿನ ಅಂದ್ರು?"

"ಹತ್ತು."

"ಹತ್ತು ದಿನ ಸಾಕಾಗಾಕಿಲ್ವಾ ಅಕ್ಕ?"

ಅವಳು ಆಮೆಯ ಮಾತು ಆಡುತ್ತಿರಲಿಲ್ಲ. ಅದು ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವಳಿಗೂ ತಿಳಿಯಿತು. ಆಮೆ ಈ ಮನೆಯಿಂದ ಹೋದರೆ ಅವಳು ಉಣ್ಣುವುದಿಲ್ಲ. ಇಲ್ಲೇ ಇದ್ದರೂ ಹತ್ತು ದಿನದ ಮೇಲೆ ಉಣ್ಣುವುದಿಲ್ಲ.

"ನಿಂಗೆ ಸಾಕು," ಅಂದೆ. "ಅದಕ್ಕೆ ಸಾಲದು."

ಹಾಗೆ ಹೇಳಬಾರದಿತ್ತೇನೋ. ಬೇರೆ ಹೇಗೆ ಹೇಳುವುದೋ ನನಗೆ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಅವಳು ಎದ್ದು ಟಬ್ಬಿನ ಹತ್ತಿರ ಕೂತಳು. ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟಳು.

"ಕೊಟ್ಟು ಬಾ. ನಾನು ನೋಡೋ ಹಂಗೆ ಎತ್ಕೊಂಡು ಹೋಗ್ಬ್ಯಾಡ. ಅಲ್ಲಿ ಅವರ ಹೆಸರು ಮಾತ್ರ ಬರೆಸಬ್ಯಾಡ ಅಕ್ಕ. ಇಪ್ಪತ್ತು ವರ್ಷ ಬಚ್ಚಿಟ್ಟಿದ್ದ ಅಂತ ಬರ್ಕೋತಾರೆ. ಬಚ್ಚಿಟ್ಟಿರ್ಲಿಲ್ಲ ಅವರು. ಬೀದಿ ಮಕ್ಕಳೆಲ್ಲ ಬಂದು ನೋಡ್ತಿದ್ರು."

"ಬರೆಸಾಕಿಲ್ಲ. ನೀನು ಉಣ್ತೀಯಾ?"

ಅವಳು ಎದ್ದು ಬಲ್ಬಿನ ವೈರನ್ನು ಇನ್ನೊಂದು ಗೇಣು ಕೆಳಕ್ಕೆ ಇಳಿಸಿದಳು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಲ್ಲಿರಲಿಲ್ಲ. ಉಸಿರು ಹಿಡಿದು ಹಿಡಿದು ಬಿಡುತ್ತಿದ್ದದ್ದು ಕೇಳುತ್ತಿತ್ತು. ಮಂಕರಿಗೆ ಅವಳ ಗಂಡನ ಟವೆಲ್ಲು ಹಾಸಿ, ಆಮೆ ಇಟ್ಟು, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಅವಳು ಆರಿಸಿಟ್ಟಿದ್ದ ಎಳೆಯ ಸೊಪ್ಪು ಬಾಡಿರಲಿಲ್ಲ, ಅದನ್ನೂ ಹಾಕಿದೆ. ಮೊದಲ ಬಸ್ಸು ಹತ್ತಿದೆ.

ಅರಣ್ಯದವರ ಆಫೀಸಿನ ಬಾಗಿಲು ತೆಗೆಯುವವರೆಗೆ ಬಿಸಿಲಿನಲ್ಲಿ ಮಂಕರಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗಿದ್ದವನು ಆಮೆಯನ್ನು ಎತ್ತಿ, ತಿರುಗಿಸಿ ನೋಡಿದ. ಕಣ್ಣು ನೋಡಿದ. ಚುಕ್ಕಿ ನೋಡಿದ.

"ಎಲ್ಲಿ ಸಿಕ್ತಜ್ಜಿ ಇದು?"

"ಸಿಕ್ಕಿದ್ದಲ್ಲ. ಸಾಕಿದ್ದು."

"ಯಾರು?"

"ನಾನು."

"ಈ ಚುಕ್ಕಿ?"

"ಅದೂ ನಾನೇ ಇಟ್ಟಿದ್ದು. ಸುಣ್ಣ ಹಾಕಿ ಕಣ್ಣು ಕಳೆದಿದ್ದೂ ನಾನೇ. ಇನ್ನೊಂದಿತ್ತು, ಅದು ಸತ್ತೋಯ್ತು. ಬರ್ಕೊಳಪ್ಪ."

ಅವನು ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ಕೈ ನಡುಗುತ್ತದೆ ನನಗೆ, ಅರಗಿನ ಚುಕ್ಕಿ ಇಡುವ ಕೈಯಲ್ಲ. ಏನೂ ಕೇಳದೆ ಬರೆದುಕೊಂಡ. ಮುಂದೆ ಕರೆದರೆ ಬರಬೇಕು ಅಂದ. ಬತ್ತೀನಿ ಅಂದೆ. ಕಾಗದವನ್ನು ನನ್ನ ಕಡೆ ತಿರುಗಿಸಿ, ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ಮುಂದಕ್ಕೆ ತಳ್ಳಿದ.

ಸಹಿ ಬರ್ತದೆ ಅಂದೆ. ಪೆನ್ನು ಇಸಕೊಂಡು, ಒಂದೊಂದೇ ಅಕ್ಷರ, ನನ್ನ ಹೆಸರು ಬರೆದೆ.